ಅಪ್‌ಡೇಟ್: ರೇಸ್ ಬಿಟ್ಟ ನಮ್ಮ ಕುದುರೆ ಈಗ ಹೇಗಿದೆ

ರೇಸ್ ನಿಲ್ಲಿಸಿದ 7 ವರ್ಷದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಯನ್ನು ತೋಟಕ್ಕೆ ತಂದಿದ್ದೇವೆ, ಮೈ ಇಳಿಯುತ್ತಿದೆ, ಮುಂಗಾಲು ಊದಿದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಡಾಕ್ಟರ್ ಸ್ಕ್ಯಾನ್ ಮಾಡಿದರು. ಮುಂಗಾಲಿನ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ, ಹಳೆ ಪೆಟ್ಟು. ವಾಸಿಯಾದರೂ ಮೊದಲಿನ ಹಾಗೆ ಹಿಗ್ಗಿ ಕುಗ್ಗುವುದಿಲ್ಲವಂತೆ. ಜೋರು ಓಟ ಮುಗಿಯಿತು. ಸದ್ಯ ಹಗ್ಗ ಹಿಡಿದು ನಿಧಾನವಾಗಿ ನಡೆಸುತ್ತೇವೆ, ಅಷ್ಟೇ.

ಮೈ ಇಳಿದದ್ದು ಹೊಟ್ಟೆಯ ಹುಣ್ಣಿನಿಂದ. ರೇಸ್ ಕುದುರೆಗಳಲ್ಲಿ ಇದು ತುಂಬಾ ಸಾಮಾನ್ಯ. ಕುದುರೆಯ ಹೊಟ್ಟೆಯಲ್ಲಿ ಆಸಿಡ್ ಸದಾ ಬರುತ್ತಲೇ ಇರುತ್ತದೆ. ಕಾಳು ಜಾಸ್ತಿ, ಹುಲ್ಲು ಕಮ್ಮಿ ಆದರೆ ಅದು ಹೊಟ್ಟೆಯನ್ನೇ ಸುಡುತ್ತದೆ. ಓಟ್ಸ್ ಮೆಲ್ಲಗೆ ಇಳಿಸಿ, ದಿನವಿಡೀ ಒಣಹುಲ್ಲು ಸಿಗುವ ಹಾಗೆ ಮಾಡಿದ್ದೇವೆ. ಔಷಧಿಯೂ ನಡೆದಿದೆ. ಪಕ್ಕೆಲುಬು ಈಗ ಅಷ್ಟು ಎದ್ದು ಕಾಣುವುದಿಲ್ಲ!

ಒಂದು ಮಾತು ಹೇಳಲೇಬೇಕು. ಒಳ್ಳೆ ವಂಶದ ಹೆಣ್ಣು ಕುದುರೆ ಮರಿ ಹಾಕಿಸುವ ಸ್ಟಡ್ ಫಾರ್ಮ್ ಸೇರುತ್ತದೆ. ನಮ್ಮದರಂತೆ ಬೀಜ ತೆಗೆಸಿದ ಗಂಡಿಗೆ ಆ ದಾರಿಯೂ ಇಲ್ಲ. ಓಡುವುದು ಕೆಲವೇ ವರ್ಷ, ಬದುಕುವುದು 25 ವರ್ಷದವರೆಗೆ. ಗೆದ್ದ ಹಣದಲ್ಲಿ ಇವುಗಳ ಮುಪ್ಪಿಗೂ ಸ್ವಲ್ಪ ತೆಗೆದಿಡಬೇಕು ಅಲ್ವಾ?

ಒಂಟಿಯಾಗಿದ್ದರೆ ಕೂಗಾಡುತ್ತದೆ, ಅದಕ್ಕೆ ಜೊತೆಗೊಂದು ತಟ್ಟು ಕುದುರೆ ಹುಡುಕುತ್ತಿದ್ದೇವೆ. ಮಗಳು ಇದರ ಮೇಲೆ ಸವಾರಿ ಮಾಡುವ ವಿಚಾರ ಮುಂದಿನ ಸ್ಕ್ಯಾನ್ ಆದ ಮೇಲೆ.