ವೈಫೈ ಲಿಂಕ್ ಸ್ಪೀಡ್ 54 ದಾಟುತ್ತಿಲ್ಲ, ಡಬ್ಲ್ಯುಪಿಎ3 ಹಾಕಿದರೆ ಪ್ರಿಂಟರ್ ಸಿಗುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ನಮ್ಮ ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದರೆ 94 ಬರುತ್ತದೆ. ವೈಫೈನಲ್ಲಿ ರೌಟರ್ ಪಕ್ಕವೇ ಕೂತರೂ 22ರ ಮೇಲೆ ಏಳುವುದಿಲ್ಲ. ಮೊಬೈಲಿನಲ್ಲಿ ಲಿಂಕ್ ಸ್ಪೀಡ್ (ಫೋನಿಗೂ ರೌಟರಿಗೂ ನಡುವಿನ ವೇಗ) ಯಾವಾಗ ನೋಡಿದರೂ 54 ಎಂಬಿಪಿಎಸ್. ನೋಡಲು ಬಂದ ಹುಡುಗ "ಮೊಬೈಲ್ ಹಳೇದು ಸಾರ್" ಅಂದು ಹೋದ. ಸೆಕ್ಯೂರಿಟಿ ಗಟ್ಟಿಯಾಗಲಿ ಅಂತ ಡಬ್ಲ್ಯುಪಿಎ3 ಅನ್ನುವ ಹೊಸ ವೈಫೈ ಬೀಗ ಹಾಕಿದೆ, ಪ್ರಿಂಟರೂ ಅಪ್ಪನ ಫೋನೂ ಎರಡೂ ಕೈಕೊಟ್ಟವು. ಮತ್ತೆ ಮೊದಲಿನಂತೆ ಮಾಡಿಟ್ಟಿದ್ದೇನೆ. ಇದರ ಜೊತೆಗೆ ರೌಟರ್ ಪಟ್ಟಿಯಲ್ಲಿ ಹೆಸರಿಲ್ಲದ ಸಾಧನ ಒಂದು ಕಾಣುತ್ತಿದೆ. ಹೊರಗಿನವರು ಯಾರಾದರೂ ಹೊಕ್ಕಿದ್ದಾರಾ ಅಂತ ಭಯ.

ಉತ್ತರ:
ಮೊಬೈಲ್ ಬಿಡಿ, ಆ 54 ಅನ್ನುವುದೇ ಸುಳಿವು. ಬ್ರೌಸರಿನಲ್ಲಿ 192.168.1.1 ತೆಗೆದು (ಬರದಿದ್ದರೆ 192.168.0.1) ವೈರ್‌ಲೆಸ್ ಸೆಕ್ಯೂರಿಟಿಗೆ ಹೋಗಿ. ಎನ್‌ಕ್ರಿಪ್ಷನ್ ಎದುರು ಏನಿದೆ ಹೇಳಿ.

ಕೇಳಿದವರು:
ಡಬ್ಲ್ಯುಪಿಎ-ಪಿಎಸ್‌ಕೆ, ಟಿಕೆಐಪಿ ಅಂತಿದೆ.

ಉತ್ತರ:
ಸಿಕ್ಕಿತು. ಹಳೆಯ ಡಬ್ಲ್ಯುಇಪಿ ಬೀಗ ಒಡೆದುಹೋದಾಗ, ಅದೇ ಹಾರ್ಡ್‌ವೇರಿನಲ್ಲಿ ಓಡಲಿ ಅಂತ ಹಾಕಿದ ತೇಪೆ ಈ ಟಿಕೆಐಪಿ. 2009ರ 802.11ಎನ್ ಅನ್ನುವ ವೈಫೈ ಮಾನದಂಡ ಬಂದಮೇಲಿನ ವೇಗದ ದರಗಳನ್ನು ಟಿಕೆಐಪಿ ಜೊತೆ ಬಳಸಲು ನಿಯಮವೇ ಬಿಡುವುದಿಲ್ಲ. ಹಾಗಾಗಿ ರೌಟರ್ 54ಕ್ಕೆ ಇಳಿದು ಕೂರುತ್ತದೆ, ಅದರಲ್ಲಿ ಕೈಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ನಿಮ್ಮ 22ರ ಲೆಕ್ಕ ಅಲ್ಲಿಗೆ ಸರಿಹೋಯಿತು.

ಡಬ್ಲ್ಯುಪಿಎ2-ಪಿಎಸ್‌ಕೆ, ಎಇಎಸ್ (ಟಿಕೆಐಪಿಗಿಂತ ಗಟ್ಟಿಯಾದ ಎನ್‌ಕ್ರಿಪ್ಷನ್) ಮಾತ್ರ ಆರಿಸಿ. ಟಿಕೆಐಪಿ ಸೇರಿಸಿದ ಮಿಕ್ಸ್ ಆಯ್ಕೆ ಬೇಡವೇ ಬೇಡ. ಡಬ್ಲ್ಯುಪಿಎ3 ಬಂದಿದ್ದೇ 2018ರಲ್ಲಿ, ಅದಕ್ಕಿಂತ ಹಳೆಯ ಪ್ರಿಂಟರಿಗೆ ಸಾಮಾನ್ಯವಾಗಿ ಅದು ಅರ್ಥವಾಗುವುದಿಲ್ಲ. ಪಾಸ್‌ವರ್ಡ್ ಉದ್ದವಾಗಿದ್ದರೆ ಮನೆಗೆ ಡಬ್ಲ್ಯುಪಿಎ2 ಸಾಕು ಅನ್ನುವುದು ನನ್ನ ಅಭಿಪ್ರಾಯ. 63 ಅಕ್ಷರದವರೆಗೆ ಜಾಗ ಇದೆ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಫೋನ್ ನಂಬರ್, ಮಕ್ಕಳ ಹೆಸರು ಬೇಡ.

ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಅಥವಾ ಗುಂಡಿ ಒತ್ತಿ ಸಾಧನ ಸೇರಿಸುವ ಸೌಲಭ್ಯ) ಇವತ್ತೇ ಆಫ್ ಮಾಡಿ, ದಯವಿಟ್ಟು. ಅದರ ಪಿನ್ನಿಗೆ 8 ಅಂಕಿ ಇದ್ದರೂ ರೌಟರ್ ಅದನ್ನು ಎರಡು ತುಂಡು ಮಾಡಿ ನೋಡುತ್ತದೆ. ಮೊದಲ ನಾಲ್ಕಕ್ಕೆ 10,000 ಸಾಧ್ಯತೆ. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿದ್ದು, ಹಾಗಾಗಿ ಎರಡನೇ ತುಂಡಿಗೆ ಬರೀ 1,000. ಒಟ್ಟು 11,000 ಸಲ ಪ್ರಯತ್ನಿಸಿದರೆ ಬಾಗಿಲು ತೆರೆದಂತೆ. ಇದು 2011ರಲ್ಲೇ ಬಯಲಾದ ದೋಷ. ಇದು ಆನ್ ಇದ್ದರೆ ನೀವು ಎಷ್ಟು ಉದ್ದದ ಪಾಸ್‌ವರ್ಡ್ ಇಟ್ಟೂ ಪ್ರಯೋಜನವಿಲ್ಲ.

ಹೆಸರಿಲ್ಲದ ಸಾಧನದ ಮ್ಯಾಕ್ ವಿಳಾಸದಲ್ಲಿ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ರೌಟರ್ ಪಟ್ಟಿಯಲ್ಲೇ ಕಾಣುತ್ತದೆ) ಎರಡನೇ ಅಕ್ಷರ ನೋಡಿ. 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಫೋನ್ ತಾನೇ ಹುಟ್ಟಿಸಿಕೊಂಡ ವಿಳಾಸ ಇರಬಹುದು. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳು ಹಾಗೆ ಮಾಡುತ್ತವೆ.

ಇನ್ನೊಬ್ಬರು:
ಮೇಲಿನವರು ಹೇಳಿದ್ದು ಸರಿ. ರೌಟರ್ 2.4, 5 ಗಿಗಾಹರ್ಟ್ಸ್ ಅಂತ ಎರಡು ತರಂಗಪಟ್ಟಿಯಲ್ಲಿ ವೈಫೈ ಕೊಡುತ್ತಿದ್ದು, ಪ್ರಿಂಟರ್ 2.4 ಮಾತ್ರ ಹಿಡಿಯುವಂಥದ್ದಾದರೆ 5ರ ವೈಫೈಗೆ ಬೇರೆ ಹೆಸರು ಕೊಡಿ ಸರ್, ಗೊಂದಲ ತಪ್ಪುತ್ತದೆ. 2.4ರಲ್ಲಿ 1, 6, 11ರಲ್ಲಿ ಖಾಲಿ ಇರುವ ಚಾನೆಲ್ ಆರಿಸಿ. ನಮ್ಮಲ್ಲಿ ರೌಟರ್ ಸ್ಟೀಲ್ ಬೀರುವಿನ ಹಿಂದಿತ್ತು. ಗೋಡೆಗೆ ಎತ್ತಿ ಹಾಕಿಸಿದ ಮೇಲೆ ಅಡುಗೆಮನೆಗೂ ಸಿಗ್ನಲ್ ಬಂತು.

ಕೇಳಿದವರು:
ಎಇಎಸ್‌ಗೆ ಬದಲಿಸಿದ ಕೂಡಲೇ 2.4ರಲ್ಲಿ ಲಿಂಕ್ ಸ್ಪೀಡ್ 72 ಆಯಿತು, 5ರಲ್ಲಿ 433. ಡೌನ್‌ಲೋಡ್ 91 ಬರುತ್ತಿದೆ. ಪ್ರಿಂಟರ್, ಅಪ್ಪನ ಫೋನ್ ಎರಡೂ ಸೇರಿಕೊಂಡವು. ಡಬ್ಲ್ಯುಪಿಎಸ್ ಆಫ್. ಆ ವಿಳಾಸದ ಎರಡನೇ ಅಕ್ಷರ ಎ ಇತ್ತು. ಮನೆಯ ಫೋನುಗಳ ವೈಫೈ ಒಂದೊಂದಾಗಿ ಆಫ್ ಮಾಡುತ್ತ ಬಂದೆ, ಅಮ್ಮನದು ಆಫ್ ಮಾಡಿದಾಗ ಪಟ್ಟಿಯಿಂದ ಹೋಯಿತು. ತುಂಬಾ ಧನ್ಯವಾದ, ಎರಡು ರಾತ್ರಿ ನಿದ್ದೆ ಇರಲಿಲ್ಲ.

ಉತ್ತರ:
ಒಳ್ಳೆಯದಾಯಿತು. ರೌಟರಿಗೆ ಲಾಗಿನ್ ಆಗುವ ಪಾಸ್‌ವರ್ಡ್? ಇನ್ನೂ ಅಡ್ಮಿನ್, ಅಡ್ಮಿನ್ ಅಂತಲೇ ಇದೆಯಾ?

ಕೇಳಿದವರು:
ಹಾಗೇ ಇತ್ತು. ಈಗ ಬದಲಿಸಿದೆ, ಹೊರಗಿನಿಂದ ರೌಟರ್ ಸೆಟ್ಟಿಂಗಿಗೆ ಹೋಗಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಕೂಡ ಆಫ್ ಮಾಡಿದೆ.