ಪ್ರಶ್ನೋತ್ತರ: ಮನೆಯ ಫಿಲ್ಮ್ ಪ್ರೊಜೆಕ್ಟರ್‌ಗೆ ಬಲ್ಬ್ ಬದಲು ಏನು ಹಾಕಬಹುದು?

ಗಂಗಾವತಿ ಸದಸ್ಯ: ನಮಸ್ಕಾರ ಸರ್. ಅಪ್ಪನ ಸೂಪರ್ 8 (ಮನೆಯ 8 ಎಂಎಂ ಫಿಲ್ಮ್) ಪ್ರೊಜೆಕ್ಟರ್ ಬಲ್ಬ್ ಹೋಗಿದೆ. 12 ವೋಲ್ಟ್, 100 ವ್ಯಾಟ್. ಎಲ್‌ಇಡಿ ಹಾಕಬಹುದಾ?

ರಿಪೇರಿಯವರು (ಬಳ್ಳಾರಿ): ಬಲ್ಬ್ ಮೇಲೆ ಇಎಫ್‌ಪಿ ಅನ್ನೋ ಕೋಡ್ ಇದೆಯಾ ನೋಡಿ. ಇದ್ದರೆ ಅದೇ ಹ್ಯಾಲೊಜೆನ್ ತರಿಸಿ. ಗಾಜಿಗೆ ಬೆರಳು ತಾಗಿಸಬೇಡಿ.

ರಾಯಚೂರು ಸದಸ್ಯ: 100 ವ್ಯಾಟ್ ಎಲ್‌ಇಡಿ ಫ್ಲಡ್ ಲೈಟ್ ಬಿಚ್ಚಿ ಹಾಕಿದೆ. ಕಣ್ಣು ಕುಕ್ಕುತ್ತದೆ, ಪರದೆ ಮೇಲೆ ಮಾತ್ರ ಮಂಕು. ಯಾಕೆ?

ರಿಪೇರಿಯವರು: ಒಳ್ಳೆ ಪ್ರಶ್ನೆ. ಸೂಪರ್ 8 ಫ್ರೇಮ್ ಅಗಲ 6 ಮಿ.ಮೀ. ಕೂಡ ಇಲ್ಲ. ನಿಮ್ಮ ಚಿಪ್ ಹೆಬ್ಬೆರಳಗಲ ಇರುತ್ತದೆ. ಅಷ್ಟಗಲ ಚೆಲ್ಲಿದ ಬೆಳಕನ್ನು ಯಾವ ಲೆನ್ಸೂ ಆ ಕಿಂಡಿಯೊಳಗೆ ಪೂರ್ತಿ ಕಳಿಸಲಾರದು. ವ್ಯಾಟ್ ಬಿಡಿ, ಚಿಪ್ ಅಳತೆ ನೋಡಿ. 2-3 ಮಿ.ಮೀ. ಚಿಪ್, 10-20 ವ್ಯಾಟ್, ಎದುರಿಗೆ ಬೆಳಕು ಕೂಡಿಸುವ ಕಂಡೆನ್ಸರ್ ಲೆನ್ಸ್. ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನೋ ಅಂಕ) 90ರ ಮೇಲಿರಲಿ, ಇಲ್ಲದಿದ್ದರೆ ಕೆಂಪು ಬಣ್ಣ ಸತ್ತುಹೋಗುತ್ತದೆ. ಎಲ್‌ಇಡಿಗೆ ಕರೆಂಟ್ ಕೊಡುವ ಡ್ರೈವರ್ ಸ್ಥಿರ ಡಿಸಿ ಕರೆಂಟಿನದೇ ಬೇಕು. 18 ಫ್ರೇಮ್ ವೇಗದಲ್ಲಿ ಮೂರು ರೆಕ್ಕೆಯ ಶಟರ್ ಸೆಕೆಂಡಿಗೆ 54 ಸಲ ಬೆಳಕು ಕಡಿಯುತ್ತದೆ. ಅಗ್ಗದ ಎಲ್‌ಇಡಿ 100 ಸಲ ಮಿಣುಕುತ್ತದೆ. ಎರಡೂ ಸೇರಿದರೆ ಚಿತ್ರ ಪಟಪಟ ಅದುರುತ್ತದೆ. ಫ್ಯಾನ್ ತೆಗೆಯಬೇಡಿ, ಎಲ್‌ಇಡಿಗೂ ಗಾಳಿ ಬೇಕು. ನಮ್ಮ ಬೇಸಿಗೆ ಗೊತ್ತಲ್ವಾ.

ಮಾನ್ವಿ ಸದಸ್ಯ: 100 ವ್ಯಾಟ್ ಎಲ್‌ಇಡಿ ಹಾಕಬಹುದಾ ಸರ್?

ರಿಪೇರಿಯವರು: ಮೇಲೆ ಓದಿ.

ಕುಷ್ಟಗಿ ಸದಸ್ಯ: ಫಾರ್ವರ್ಡ್ ಬಂದಿದೆ: "ಟಾರ್ಚ್ ಸೆಲ್ ಒಡೆದು ಕಾರ್ಬನ್ ಕಡ್ಡಿ ತೆಗೆಯಿರಿ. ವೆಲ್ಡಿಂಗ್ ಮಷಿನ್‌ಗೆ ಕೊಡಿ. ಥಿಯೇಟರ್ ಬೆಳಕು!" ಮಷಿನ್ ತಂದಿದ್ದೇನೆ. ಸಂಜೆ ಮಗನ ಜೊತೆ ಮಾಡುತ್ತೇನೆ.

ರಿಪೇರಿಯವರು: ಮಾಡಬೇಡಿ. ಮಗನನ್ನು ಹತ್ತಿರ ಬಿಡಲೇಬೇಡಿ. ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿಗೆ ಆರ್ಕ್ ಅಂತಾರೆ, ಅದರ ಬೆಳಕಲ್ಲಿ ಯುವಿ (ಅತಿನೇರಳೆ) ಕಿರಣ ಇರುತ್ತದೆ. ಆಗ ಗೊತ್ತಾಗಲ್ಲ, ರಾತ್ರಿ ಕಣ್ಣು ಉರಿದು ನೀರು ಸುರಿಯುತ್ತದೆ. ಥಿಯೇಟರ್‌ನಲ್ಲಿ ಆರ್ಕ್‌ಗೆ ಮುಚ್ಚಿದ ಲ್ಯಾಂಪ್ ಹೌಸ್, ಹೊಗೆ ಹೋಗಲು ಕೊಳವೆ, ನೋಡಲು ಕಪ್ಪು ಗಾಜು, ಡಿಸಿ ಕೊಡಲು ರೆಕ್ಟಿಫೈಯರ್ ಇತ್ತು. ನಿಮ್ಮ ಮೇಜಿನ ಮೇಲೆ ಇದರಲ್ಲಿ ಏನಿದೆ? ಫಿಲ್ಮೂ ಉಳಿಯಲ್ಲ. ಮನೆಯ 8, 16 ಎಂಎಂ ಫಿಲ್ಮ್ ಹಳೇ ನೈಟ್ರೇಟ್ ಫಿಲ್ಮ್ ಥರ ಭಗ್ಗನೆ ಹತ್ತಿಕೊಳ್ಳಲ್ಲ, ನಿಜ. ಆದರೆ ಒಂದು ಫ್ರೇಮ್ ಸಿಕ್ಕಿಕೊಂಡರೆ ನಡುವೆ ಕಂದು ಗುಳ್ಳೆ ಏಳುತ್ತದೆ, ಅಲ್ಲೇ ತೂತಾಗಿ ಅಂಚಿನವರೆಗೂ ಹರಡುತ್ತದೆ. ಅದರಲ್ಲಿದ್ದ ಮುಖ ಮತ್ತೆ ಸಿಗಲ್ಲ. ಇಂಥದ್ದನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಸಿರುಗುಪ್ಪ ಸದಸ್ಯ: ನಮ್ಮ ಮಾವ ಟೆಂಟ್ ಟಾಕೀಸ್ ಆಪರೇಟರ್. ವರ್ಷಗಟ್ಟಲೆ ಕಾರ್ಬನ್ ಸುಟ್ಟರು, ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ.

ಕೊಪ್ಪಳ ಸದಸ್ಯ: ಅದು 35 ಎಂಎಂ ಮಷಿನ್ ರೀ. ಇದು ಮನೆಯದು.

ಸಿರುಗುಪ್ಪ ಸದಸ್ಯ: ನೀವು ಟೆಂಟ್ ಒಳಗೆ ಕಾಲಿಟ್ಟಿದ್ದೀರಾ?

ಕೊಪ್ಪಳ ಸದಸ್ಯ: ನೆಲದ ಮೇಲೆ ಕೂತೇ ನೋಡಿದವನು. ಮಾವನವರನ್ನೇ ಕೇಳಿ, ಕಪ್ಪು ಗಾಜಿಲ್ಲದೆ ಆರ್ಕ್ ನೋಡುತ್ತಿದ್ದರಾ ಅಂತ.

ರಿಪೇರಿಯವರು: ಮಾವನವರು ಕಲಿತು ಮಾಡಿದರು. ಇವರು ಫಾರ್ವರ್ಡ್ ಓದಿ ಹೊರಟಿದ್ದಾರೆ. ಜಗಳ ಬೇರೆ ಕಡೆ ಆಡಿ.

ಲಿಂಗಸುಗೂರು ಸದಸ್ಯ: ನನ್ನದು ಅಮೆರಿಕದ್ದು, 110 ವೋಲ್ಟ್, 60 ಹರ್ಟ್ಜ್. ಇಲ್ಲಿ ನಿಧಾನ ಓಡುತ್ತದೆ. ಏನು ಮಾಡಲಿ?

ಬಳ್ಳಾರಿ ಸದಸ್ಯೆ: ಡಬ್ಬಿ ತೆರೆದರೆ ಹುಳಿ ವಾಸನೆ ಸರ್. ಫಿಲ್ಮ್‌ಗೆ ಕೊಬ್ಬರಿ ಎಣ್ಣೆ ಒರೆಸಿ ಅಂತ ಮೆಸೇಜ್ ಬಂದಿದೆ.

ರಿಪೇರಿಯವರು: ಎಣ್ಣೆ ಬೇಡವೇ ಬೇಡ ಅಕ್ಕಾರೆ. ಅದು ವಿನೆಗರ್ ವಾಸನೆ. ಫಿಲ್ಮೇ ಒಳಗಿಂದ ಕೊಳೆಯುತ್ತಿದೆ, ಸೆಕೆಗೆ ಇನ್ನೂ ಬೇಗ. ಬೇರೆ ಡಬ್ಬಿಗಳಿಂದ ದೂರ, ತಂಪಲ್ಲಿಡಿ. ಕುಗ್ಗಿದ್ದರೆ ಪ್ರೊಜೆಕ್ಟರ್ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಯಾವ ಬಲ್ಬೂ ಬೇಡ, ಮೊದಲು ಸ್ಕ್ಯಾನ್ ಮಾಡಿಸಿ.

ಮಾನ್ವಿ ಸದಸ್ಯ: ಕಾರಿನ ಹೆಡ್‌ಲೈಟ್ ಬಲ್ಬ್?

ರಿಪೇರಿಯವರು: ಬೇಡ.

ಮಾನ್ವಿ ಸದಸ್ಯ: ಕಾರಣ ಹೇಳಿದರೆ ನಿಮ್ಮ ಗಂಟು ಹೋಗುತ್ತದಾ?

ರಿಪೇರಿಯವರು: ಬೆಳಕನ್ನು ಗೇಟ್‌ಗೆ (ಫಿಲ್ಮ್ ಹಾಯುವ ಕಿಂಡಿಗೆ) ಕೂಡಿಸುವ ಕನ್ನಡಿ ಅದಕ್ಕಿಲ್ಲ. ಕುಷ್ಟಗಿಯವರೇ, ನೀವಿನ್ನೂ ಉತ್ತರ ಕೊಟ್ಟಿಲ್ಲ. ಮಷಿನ್ ಎಲ್ಲಿದೆ?

ಕುಷ್ಟಗಿ ಸದಸ್ಯ: ವಾಪಸ್ ಕೊಟ್ಟೆ ಸರ್. ಆ 3 ಮಿ.ಮೀ. ಚಿಪ್ ಎಲ್ಲಿ ಸಿಗುತ್ತದೆ?