ಸಹಾಯ ಬೇಕು: ಅಪ್ಪನ ಎದೆಯ ಟ್ಯೂಬಿನಲ್ಲಿ ಗಾಳಿ ಸೋರುವುದು ನಿಲ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ ಗಡ್ಡೆ ಇತ್ತು. ಬೆಂಗಳೂರಿನಲ್ಲಿ ಕೀಹೋಲ್ ಆಪರೇಷನ್ ಮಾಡಿ ಆ ಭಾಗ ತೆಗೆದು ಇವತ್ತಿಗೆ 9 ದಿನ. ಗಾಯ ಚಿಕ್ಕದು, ನಡೆದಾಡುತ್ತಾರೆ, ಊಟವೂ ಸೇರುತ್ತಿದೆ. ಆದರೆ ಎದೆಗೆ ಹಾಕಿದ ಟ್ಯೂಬ್ ಇನ್ನೂ ತೆಗೆದಿಲ್ಲ. ಕೆಮ್ಮಿದಾಗಲೆಲ್ಲ ಟ್ಯೂಬಿಗೆ ಜೋಡಿಸಿದ ಬಾಟಲಿಯ ನೀರಿನಲ್ಲಿ ಬುಳುಬುಳು ಗುಳ್ಳೆ ಏಳುತ್ತೆ, ಅಂದರೆ ಶ್ವಾಸಕೋಶದಿಂದ ಗಾಳಿ ಇನ್ನೂ ಸೋರುತ್ತಿದೆ. ರಾತ್ರಿಯೆಲ್ಲ ಅದನ್ನೇ ನೋಡುತ್ತಾ ಕೂತಿರುತ್ತೇನೆ.

ಸೋರಿಕೆ 5 ದಿನ ದಾಟಿದರೆ ಜಾಸ್ತಿ ಆಯ್ತು ಅಂತಲೇ ಲೆಕ್ಕವಂತೆ. ಉಸಿರಾಟದ ವ್ಯಾಯಾಮ ಮಾಡಿಸಿದೆವು. ಟ್ಯೂಬಿಗೆ ಸಕ್ಷನ್ (ಗಾಳಿ ಹೊರಗೆ ಎಳೆಯುವ ವ್ಯವಸ್ಥೆ) ಹಾಕಿ ನೋಡಿದರು. ಗುಳ್ಳೆ ಕಡಿಮೆಯಾಯಿತು, ನಿಲ್ಲಲಿಲ್ಲ.

ಈಗ ಡಾಕ್ಟರ್ ಎರಡು ದಾರಿ ಹೇಳಿದ್ದಾರೆ. ಗಾಳಿ ಹೊರಗೆ ಮಾತ್ರ ಹೋಗುವಂಥ ವಾಲ್ವ್ ಟ್ಯೂಬಿಗೆ ಹಾಕಿ ಮನೆಗೆ ಕಳಿಸುವುದು ಒಂದು. ಇಲ್ಲಾಂದ್ರೆ ಅಪ್ಪನದೇ ರಕ್ತ ತೆಗೆದು, ಟ್ಯೂಬ್ ಮೂಲಕ ಎದೆಯೊಳಗೆ ಬಿಟ್ಟು, ಸೋರುವ ಜಾಗ ಮುಚ್ಚುತ್ತಾ ಅಂತ ನೋಡುವುದು. ತೀರ್ಮಾನ ನಮ್ಮದೇ ಅಂದಿದ್ದಾರೆ. ನಮ್ಮ ಮನೆ ಸಕಲೇಶಪುರದ ಕಡೆ, ತೋಟದ ಒಳಗೆ. ನಡುರಾತ್ರಿ ಟ್ಯೂಬ್ ಜಾರಿದರೆ ಏನು ಗತಿ ಅನ್ನೋದೇ ಭಯ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ವಾಲ್ವ್ ಹಾಕಿಸಿಕೊಂಡು ಮನೆಗೆ ಬಂದಿದ್ದಾರಾ? ಎಷ್ಟು ದಿನಕ್ಕೆ ಸೋರಿಕೆ ನಿಂತಿತು? ಏನು ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಅಂತ ನಿಮಗೆ ಹೇಳಿದ್ದರು? ನಾಳೆ ಬೆಳಿಗ್ಗೆ ರೌಂಡ್ಸಿಗೆ ಮುಂಚೆ ಗೊತ್ತಾದರೆ ತುಂಬಾ ಉಪಕಾರ.